ಸುಂಟರಗಾಳಿಯ ದರ್ಜೆ ಬೇರೆ, ಹಳ್ಳಿಯ ನಷ್ಟ ಬೇರೆ

ಮಾನ್ಯ ಸಂಪಾದಕರೇ,

ಯಾವುದೋ ಹಳ್ಳಿಯ ಮನೆಗಳ ಮೇಲೆ ಸುಂಟರಗಾಳಿ ಹಾದುಹೋದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳ ತಲೆಬರಹದಲ್ಲಿ ಎದ್ದು ಕಾಣುವುದು ಅದರ ದರ್ಜೆ, ಅಂದರೆ ಇಎಫ್-0ರಿಂದ ಇಎಫ್-5ರವರೆಗಿನ ತೀವ್ರತೆಯ ಅಂಕಿ. ಇಎಫ್-1 ಎಂದರೆ ಓದುಗರು ಪುಟ ಮಗುಚುತ್ತಾರೆ, ಇಎಫ್-4 ಎಂದರೆ ಕಣ್ಣರಳಿಸುತ್ತಾರೆ. ಮನೆ ಕಳೆದುಕೊಂಡವರ ನಷ್ಟವನ್ನು ಈ ಅಂಕಿಯಿಂದ ಅಳೆಯುವುದು ಸರಿಯಲ್ಲ.

ಸಾಮಾನ್ಯವಾಗಿ ಈ ದರ್ಜೆಯನ್ನು ಗಾಳಿಯ ವೇಗವನ್ನು ನೇರವಾಗಿ ಅಳೆದು ಕೊಡುವುದಿಲ್ಲ. ಗಾಳಿ ಅಡಗಿದ ಮೇಲೆ ಪರಿಶೀಲಕರು ಬಂದು, ಏನು ಬಿದ್ದಿದೆ, ಹೇಗೆ ಬಿದ್ದಿದೆ ಎಂದು ನೋಡಿ ವೇಗವನ್ನು ಅಂದಾಜು ಮಾಡುತ್ತಾರೆ. ಅಮೆರಿಕ 2007ರಿಂದ ಬಳಸುತ್ತಿರುವ ಪರಿಷ್ಕೃತ ಫುಜಿಟಾ (ಇಎಫ್) ಮಾಪಕದಲ್ಲಿ ಮನೆ, ಶಾಲೆ, ಕೊಟ್ಟಿಗೆ, ಮರ ಹೀಗೆ 28 ಹಾನಿಸೂಚಕಗಳಿವೆ. ಗಟ್ಟಿ ಕಟ್ಟಡಗಳಿಲ್ಲದ ಬಯಲಿನಲ್ಲಿ ದೈತ್ಯ ಗಾಳಿಗೂ ಸಣ್ಣ ಅಂಕಿಯೇ ಸಿಗಬಹುದು. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೊ ಬಳಿ ಎದ್ದ ಸುಂಟರಗಾಳಿ ಸುಮಾರು 4.2 ಕಿ.ಮೀ. ಅಗಲವಿತ್ತು, ಸಂಚಾರಿ ರೇಡಾರ್‌ಗಳು ಅದರೊಳಗೆ ಗಂಟೆಗೆ 480 ಕಿ.ಮೀ.ಗೂ ಮೀರಿದ ವೇಗವನ್ನು ಕಂಡವು. ಅದು ಹಾದದ್ದು ಬಹುತೇಕ ಹೊಲಗಳ ಮೇಲೆ. ಕೊನೆಗೆ ದಾಖಲೆಯಲ್ಲಿ ಉಳಿದದ್ದು ಇಎಫ್-3!

ಇನ್ನೊಂದು ವಿಪರ್ಯಾಸವಿದೆ. ತೊಲೆಯನ್ನು ಗೋಡೆಗೆ ಬರೀ ಮೊಳೆಯಿಂದ ಜಡಿದ ಮನೆ ಪೂರ್ತಿ ನೆಲಸಮವಾದರೆ, ಕಟ್ಟಡವೇ ದುರ್ಬಲವಾಗಿತ್ತೆಂದು ಅಂಕಿ ಇನ್ನೂ ಕೆಳಗಿಳಿಯುತ್ತದೆ. ವಿಜ್ಞಾನದ ಲೆಕ್ಕದಲ್ಲಿ ಇದು ಸರಿಯೇ, ನಾನು ತಕರಾರು ತೆಗೆಯುವುದಿಲ್ಲ. ಆದರೆ ಆ ಮನೆಯವರಿಗೆ ಉಳಿದಿರುವುದು ಬರೀ ಅಡಿಪಾಯ.

ಅಂಥ ಮನೆಯ ಅವಶೇಷವನ್ನು ಹತ್ತಿರದಿಂದ ನೋಡಬೇಕು. ಮೊಳೆ ಮುರಿದಿರುವುದಿಲ್ಲ, ಹೆಚ್ಚು ಬಾಗಿರುವುದೂ ಇಲ್ಲ. ಮರದಿಂದ ನೆಟ್ಟಗೆ ಕಿತ್ತು ಬಂದಿರುತ್ತದೆ. ಮಾಡು ಹಾರಿದ ಮೇಲೆ ಗೋಡೆಗೆ ಆಸರೆಯಿಲ್ಲ, ಅದೂ ಉರುಳುತ್ತದೆ. ತೊಲೆ ಮತ್ತು ಗೋಡೆಯನ್ನು ಬಿಗಿಯುವ ಲೋಹದ ಪಟ್ಟಿ, ಗೋಡೆಯನ್ನು ಅಡಿಪಾಯಕ್ಕೆ ಹಿಡಿಯುವ ಬೋಲ್ಟ್ ಇದ್ದರೆ ಎಷ್ಟೋ ಮನೆಗಳು ಸಾಧಾರಣ ಸುಂಟರಗಾಳಿಯನ್ನು ತಾಳಿಕೊಳ್ಳುತ್ತವೆ. ಒಳಗಿನ ಒತ್ತಡ ಇಳಿಯಲೆಂದು ಕಿಟಕಿ ತೆರೆದಿಡಬೇಕೆಂಬ ಹಳೆಯ ಉಪದೇಶ ಮಾತ್ರ ಶುದ್ಧ ತಪ್ಪು. ಒಳನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ಎತ್ತುತ್ತದೆ. ಮತ್ತೆ ಮನೆ ಕಟ್ಟುವ ಅವಸರದಲ್ಲಿರುವವರಿಗೆ ಈ ಮಾಹಿತಿ ಆಗಲೇ ಬೇಕು. ಆರು ತಿಂಗಳ ನಂತರ ಬರುವ ವಿಶೇಷ ಪುರವಣಿಯಿಂದ ಪ್ರಯೋಜನವಿಲ್ಲ.

ಹೊಲದ ಪಾಡನ್ನಂತೂ ಯಾರೂ ಕೇಳುವುದಿಲ್ಲ. ತಗಡಿನ ಚೂರು, ಗಾಜು, ತಂತಿ, ಮೊಳೆಗಳು ಬೆಳೆಯ ನಡುವೆ ಹೂತುಹೋಗಿ ಟ್ರ್ಯಾಕ್ಟರ್‌ನ ಚಕ್ರ ಸೀಳುತ್ತವೆ. ಮೇವಿನ ಜೊತೆ ತಂತಿ ನುಂಗಿದ ಹಸುವಿನ ಹೊಟ್ಟೆಯ ಗೋಡೆಯನ್ನು ಅದು ಚುಚ್ಚಬಹುದು. ಕಾಯಿಲೆ ಕಾಣಿಸಿಕೊಳ್ಳುವ ಹೊತ್ತಿಗೆ ಗಾಳಿಯ ಸುದ್ದಿ ಹಳತಾಗಿರುತ್ತದೆ.

ಆದ್ದರಿಂದ ನಿಮ್ಮ ವರದಿಗಾರರಲ್ಲಿ ಕೋರಿಕೆ: ಎಷ್ಟು ಮನೆಗಳು ವಾಸಕ್ಕೆ ಯೋಗ್ಯವಾಗಿ ಉಳಿದಿಲ್ಲ, ಮೊದಲು ಕಿತ್ತುಹೋದದ್ದು ಯಾವ ಭಾಗ, ನೀರು ಮತ್ತು ವಿದ್ಯುತ್ ಯಾವಾಗ ಮರಳಿತು, ಹೊಲವನ್ನು ಯಾರು ಸ್ವಚ್ಛಗೊಳಿಸುತ್ತಾರೆ ಎಂಬುದನ್ನು ಮೊದಲು ಬರೆಯಿರಿ. ದರ್ಜೆ ಬೇಕೇ ಬೇಕೆಂದರೆ ಕೊನೆಯ ಸಾಲಿನಲ್ಲಿ ಹಾಕಿ.

ಇಂತಿ,
ಒಬ್ಬ ಓದುಗ