ಅಡಿಕೆಗೆ ಹೊಡೆಯುವ ಅಂಟನ್ನೂ ರೋಬೋಟ್ ಪರೀಕ್ಷಿಸಲಿ

ಮಾನ್ಯರೇ,

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು 2 ಎಕರೆ ಅಡಿಕೆ ತೋಟ. ಹೋದ ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗಕ್ಕೆ ಎರಡು ಸಲ ಔಷಧಿ ಹೊಡೆಸಿದೆವು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ನಾನೇ ನಿಂತು ಕಲಸಿದ್ದೆ. ಉಜ್ಜಿದ ಕತ್ತಿ ಅದ್ದಿ ನೋಡಿದೆ, ಕೆಂಪು ಹಿಡಿಯಲಿಲ್ಲ. ಅಂದರೆ ಸುಣ್ಣ ಸರಿಯಾಗಿಯೇ ಬಿದ್ದಿತ್ತು. ಔಷಧಿ ಕಾಯಿಗೆ ಹಿಡಿದುಕೊಳ್ಳಲಿ ಎಂದು ಅಂಗಡಿಯಲ್ಲಿ ಕೊಟ್ಟ ಹೊಸ ಅಂಟನ್ನೂ ಸೇರಿಸಿದೆ. ಆಮೇಲೆ ಎಂಟು ದಿನ ಬಿಡದೆ ಮಳೆ. ಉದುರಿದ ಕಾಯಿ ಹೆಕ್ಕಿ ನೋಡಿದರೆ ತೊಟ್ಟಿನ ಸಂದಿಯಲ್ಲಿ ಮಾತ್ರ ನೀಲಿ ಇತ್ತು. ಉಳಿದದ್ದೆಲ್ಲ ತೊಳೆದಿಟ್ಟ ಹಾಗೆ ಹಸಿರು, ಅದರ ಮೇಲೆ ಬಿಳಿ ಬೂಸ್ಟು.

ಒಳ್ಳೆಯ ಅಂಟು ಒಣಗಿದ ಮೇಲೆ ಕಾಯಿಗೆ ತೆಳ್ಳಗಿನ ಪೊರೆಯಾಗಿ ಕೂರಬೇಕು. ಪೊರೆ ಸಡಿಲವಾದರೆ ಮಳೆಗೆ ಹೋಯಿತು. ತೀರಾ ಬಿಗಿಯಾದರೂ ಕಷ್ಟ, ತಾಮ್ರ ಸ್ವಲ್ಪಸ್ವಲ್ಪವೇ ಹೊರಗೆ ಬಂದರೆ ತಾನೇ ಕೊಳೆ ನಿಲ್ಲುವುದು? ಈ ಹದ ಹುಡುಕುವುದು ಸುಮ್ನೆ ಆಗುವ ಕೆಲಸವಲ್ಲ.

ರಸಾಯನಶಾಸ್ತ್ರ ಓದುತ್ತಿರುವ ಮಗಳು ಮೊನ್ನೆ ಒಂದು ವಿಷಯ ಹೇಳಿದಳು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲೇ ‘ಅಡಾ’ ಎಂಬ ರೋಬೋಟ್ ಪ್ರಯೋಗಾಲಯದ ಬಗ್ಗೆ ಬರೆದಿದ್ದಾರಂತೆ. ಯಂತ್ರದ ಕೈಯೇ ದ್ರಾವಣ ಬೆರೆಸುತ್ತದೆ, ಗಾಜಿನ ಮೇಲೆ ಹನಿ ಬಿಟ್ಟು ಗರಗರ ತಿರುಗಿಸಿ ಪೊರೆ ಹರಡುತ್ತದೆ, ಕಾಯಿಸುತ್ತದೆ, ಅಳೆಯುತ್ತದೆ. ಬಂದ ಫಲ ನೋಡಿ ಮುಂದಿನ ಪಾಕವನ್ನೂ ಅದೇ ನಿರ್ಧರಿಸುತ್ತದೆ! ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ‘ಪಾಲಿಬಾಟ್’ ಎಂಬ ಇಂಥದ್ದೇ ಯಂತ್ರ ಇದೆ. ವಿದ್ಯುತ್ ಹರಿಸುವ ಪಾಲಿಮರ್ ಪೊರೆ ಮಾಡಲು ಸುಮಾರು 10 ಲಕ್ಷ ದಾರಿಗಳಿದ್ದವು. ಎಲ್ಲವನ್ನೂ ಮನುಷ್ಯರು ಮಾಡಿ ನೋಡಲು ಆಗುತ್ತದೆಯೇ? ಅದಕ್ಕೇ ಯಂತ್ರಕ್ಕೆ ಒಪ್ಪಿಸಿದರು.

ಅವರಿಗೆ ಬೇಕಾದದ್ದು ವಿದ್ಯುತ್ತಿನ ಪೊರೆ, ನಮಗೆ ಬೇಕಾದದ್ದು ಮಳೆಗೆ ನಿಲ್ಲುವ ಪೊರೆ. ಹುಡುಕುವ ಕ್ರಮ ಒಂದೇ ಅಲ್ವಾ? ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಇಬ್ಬರೂ ಸೇರಿ ಚಿಕ್ಕದೊಂದು ಯಂತ್ರ ಕಟ್ಟಲಿ. ಅಡಿಕೆ ಸಿಪ್ಪೆಯ ಮೇಲೆ ಬೇರೆ ಬೇರೆ ಅಂಟು ಬಳಿದು, ಒಣಗಿಸಿ, ಆಗುಂಬೆಯಂಥ ಮಳೆಯನ್ನು ಅದರ ಮೇಲೆ ಸುರಿಸಿ, ಎಷ್ಟು ತಾಮ್ರ ಉಳಿಯಿತು ಎಂದು ಹಗಲೂ ರಾತ್ರಿ ಅಳೆಯಲಿ. ಮಣ್ಣಿಗೆ ಬಿದ್ದ ಮೇಲೆ ಆ ಪೊರೆ ಕರಗುತ್ತದೆಯೇ ಎನ್ನುವುದನ್ನೂ ನೋಡಲೇಬೇಕು. ನಮ್ಮ ಬಾವಿ ಇರುವುದು ತೋಟದ ಬುಡದಲ್ಲೇ.

ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಮೈಸೂರು ಸೀಮೆಯಲ್ಲಿ ಕೊಳೆಗೆ ಬೋರ್ಡೋ ದ್ರಾವಣ (ಇದೇ ಮೈಲುತುತ್ತ-ಸುಣ್ಣದ ಮಿಶ್ರಣ) ಹೇಳಿಕೊಟ್ಟು ನೂರು ವರ್ಷ ದಾಟಿತು. ಅಂಟಿನ ವಿಷಯದಲ್ಲಿ ಮಾತ್ರ ನಾವು ಇನ್ನೂ ಅಂಗಡಿಯವರ ಮಾತನ್ನೇ ನಂಬಿಕೊಂಡಿದ್ದೇವೆ.

ಪರೀಕ್ಷೆಗೆ ಹಸಿ ಕಾಯಿ ಬೇಕಾದರೆ ನಾನು ಕೊಡುತ್ತೇನೆ. ಹಳ್ಳದ ಬದಿಯ ಸಾಲಿನಲ್ಲಿ ಕೊಳೆ ಜಾಸ್ತಿ. ಆ ಸಾಲಿನ ಮರಗಳನ್ನೂ ಒಂದು ಮಳೆಗಾಲ ಪ್ರಯೋಗಕ್ಕೆ ಬಿಟ್ಟುಕೊಡಲು ಸಿದ್ಧ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು