ಕಲ್ಲಿನ ಕೋಣೆ ಮತ್ತೆ ತೆರೆಯಿತು: ಮೇಲಿನ ಮನೆಯ ಅಕ್ಕನಿಗೆ, ಜೊತೆಗೆ ಉಳಿದೆಲ್ಲರಿಗೆ

ಶಿವಮೊಗ್ಗದ ನಮ್ಮ ಬಳಗದ ಕಲ್ಲು-ಖನಿಜ ಸಂಗ್ರಹದ ಕೋಣೆ ಕಳೆದ ಭಾನುವಾರ ಮತ್ತೆ ತೆರೆಯಿತು. ಮಕ್ಕಳು ಎಂದಿನಂತೆ ಟೈಲ್ಸಿನ ಹೊಳಪಿಲ್ಲದ ಹಿಂಬದಿಗೆ ಕಲ್ಲು ಉಜ್ಜಿ, ಕಪ್ಪು ಹೆಮಟೈಟ್ ಕೆಂಪು ಗೆರೆ ಬಿಟ್ಟಿದ್ದನ್ನು ಕಂಡು ಕೂಗಾಡಿದರು. ದೊಡ್ಡವರು ಎಂದಿನಂತೆ ಪೈರೈಟ್ ಮುಂದೆ ನಿಂತು ‘ಇದು ಬಂಗಾರ ಅಲ್ವಾ?’ ಎಂದು ಕೇಳಿದರು. ಎಲ್ಲ ಎಂದಿನಂತೆ ನಡೆಯಿತು ಅನ್ನುವುದೇ ನಮಗೆ ಈ ವರ್ಷದ ದೊಡ್ಡ ಸುದ್ದಿ.

ನೆರೆ ಬಂದ ಆ ರಾತ್ರಿಯ ಕಥೆ ನಿಮಗೆಲ್ಲ ಗೊತ್ತು. ಗಾಜನೂರಿನಿಂದ ನೀರು ಬಿಟ್ಟಿದ್ದು, ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತೆಂದು ಊರಿಗೂರೇ ತುಂಗೆ ನೋಡಲು ಹೋಗಿದ್ದು, ಅದೇ ಹೊತ್ತಿಗೆ ನಮ್ಮ ಬೀದಿಯ ಚರಂಡಿ ಉಕ್ಕಿ ಕೋಣೆಯೊಳಗೆ ಬಂದದ್ದು. ಮತ್ತೆ ಹೇಳುವುದಿಲ್ಲ.

ಪಂಪ್ ಕೊಟ್ಟ ಹಾರ್ಡ್‌ವೇರ್ ಅಂಗಡಿಯವರು, ಗೋಣಿಚೀಲ ಹೊತ್ತು ತಂದ ಅಡಿಕೆ ಮಂಡಿಯ ಹುಡುಗರು, ಬಾಡಿಗೆ ಮುಟ್ಟದ ಲಗೇಜ್ ಆಟೋದವರು, ಭೂವಿಜ್ಞಾನದ ಮೇಡಂ ಮತ್ತು ಅವರ ವಿದ್ಯಾರ್ಥಿಗಳು, ಊಟ ಕಳಿಸಿದ ಮನೆಗಳು, ಸಾಗರ, ತೀರ್ಥಹಳ್ಳಿ, ಭದ್ರಾವತಿಯಿಂದ ಬಂದು ಕೆಸರು ಬಳಿದ ಸದಸ್ಯರು, ನಿಮಗೆಲ್ಲ ಕೈಮುಗಿದು ನಮಸ್ಕಾರ. ಎಲ್ಲರನ್ನೂ ಒಂದೇ ಸಾಲಿಗೆ ತುರುಕಿದನೆಂದು ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ಮೇಲಿನ ಮನೆಯ ಅಕ್ಕನಿಗೆ ಬೇಕು.

ಅಕ್ಕ ನಮ್ಮ ಬಳಗದವರಲ್ಲ. ಕೋಣೆಯ ಮೇಲಿನ ಮನೆಯಲ್ಲಿರುವವರು, ಅಷ್ಟೆ. ವಯಸ್ಸೆಲ್ಲ ಪ್ರೆಸ್ಸಿನಲ್ಲಿ ಫಾರಂ (ಪುಸ್ತಕದ ದೊಡ್ಡ ಹಾಳೆ) ಮಡಚಿ, ಪುಸ್ತಕ ಹೊಲಿದು ಕಳೆದವರು. ಹೆಸರು ಹಾಕಿದರೆ ಜಗಳ ಗ್ಯಾರಂಟಿ ಎಂದಿರುವುದರಿಂದ ಹಾಕಿಲ್ಲ. ‘ರಸ್ತೆಗೆ ಹಾಕೋ ಜಲ್ಲಿಗೆ ಬೀಗ ಹಾಕಿ ಇಡ್ತೀರಲ್ಲ ಮಾರಾಯ್ರೆ’ ಎಂದು ನಮ್ಮನ್ನು ಆಡಿಕೊಳ್ಳುತ್ತಲೇ ಇದ್ದವರು.

ನೀರು ಮೊಣಕಾಲಿಗೆ ಬಂದಾಗ ನಾವು ಮಾಡುತ್ತಿದ್ದದ್ದು ಏನು? ದೊಡ್ಡ ದೊಡ್ಡ ಕಲ್ಲು ಎತ್ತಿ ಮೆಟ್ಟಿಲ ಮೇಲಿಡುವುದು. ಕಲ್ದುರ್ಗದ ಉಂಡೆಗಲ್ಲಿನ ಶಿಲೆ, ಕುಂಸಿಯ ಮ್ಯಾಂಗನೀಸ್, ಚಿತ್ರದುರ್ಗ ಕಡೆಯ ಹಸಿರು ಅಭ್ರಕ ಫುಕ್ಸೈಟ್. ಅಕ್ಕ ಎಮರ್ಜೆನ್ಸಿ ಲೈಟ್ ಹಿಡಿದು ಇಳಿದು ಬಂದವರು ಒಂದು ಗಳಿಗೆ ನೋಡಿದರು. ‘ಕಲ್ಲಿಗೆ ಎಂತ ಆಗ್ತದಾ ತಮ್ಮಾ? ನೀರಲ್ಲಿ ನೆಂದ್ರೆ ತೊಳ್ಕೊಂಡು ಇಡಬಹುದು. ಮೊದ್ಲು ಕಾಗದ ಎತ್ತು.’

ಅಷ್ಟು ಜನ ಕಲ್ಲಿನ ಹುಚ್ಚರಿದ್ದೆವು, ಯಾರಿಗೂ ಹೊಳೆಯದ ಮಾತು ಅದು. ಈ ಗೀಳು ಇಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಎರಡು ಪಟ್ಟೆಗಲ್ಲುಗಳಿವೆ. ಎರಡರಲ್ಲೂ ಕಬ್ಬಿಣದ ಪದರ, ಸಿಲಿಕಾದ ಪದರ, ಮತ್ತೆ ಕಬ್ಬಿಣ. ಒಂದು ಬಾಬಾಬುಡನ್ ಗಿರಿ ಕಡೆಯದು, ಇನ್ನೊಂದು ಕೊಡಚಾದ್ರಿ ಬುಡದ ಊರಿನಲ್ಲಿ ಬಾವಿ ತೋಡಿದ ಮಣ್ಣಿನ ರಾಶಿಯಲ್ಲಿ ಸಿಕ್ಕಿದ್ದು. ಅಯಸ್ಕಾಂತ ಎರಡಕ್ಕೂ ಅಂಟುತ್ತದೆ, ಟೈಲ್ಸಿಗೆ ಉಜ್ಜಿದರೆ ಬೀಳುವ ಗೆರೆ ಎರಡರದ್ದೂ ಕಪ್ಪು, ಚಾಕು ಎರಡರ ಮೇಲೂ ಜಾರುತ್ತದೆ. ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಅದಿರು ಎಂದು ಕಲ್ಲೇ ಹೇಳುತ್ತದೆ, ಯಾವ ಗುಡ್ಡದ್ದೆಂದು ಮಾತ್ರ ಹೇಳುವುದಿಲ್ಲ. ಅದನ್ನು ಹೇಳುವುದು ಚೀಟಿ. ಚೀಟಿ ಹೋದರೆ ಅಕ್ಕ ಅಂದ ಹಾಗೆ ಅದು ಜಲ್ಲಿಯೇ. ಭದ್ರಾವತಿಯ ಸದಸ್ಯರೊಬ್ಬರ ಮನೆಯಲ್ಲಿ ಪೇಪರ್‌ವೇಟ್ ಆಗಿದ್ದ ಅದಿರಿನ ತುಂಡು ಕೆಮ್ಮಣ್ಣುಗುಂಡಿಯದು ಎಂದು ಗೊತ್ತಿದ್ದರೆ ತಾನೇ, 1923ರಲ್ಲಿ ಹೊತ್ತಿದ ಭದ್ರಾವತಿ ಕುಲುಮೆಯ ಕಥೆ ಅದಕ್ಕೆ ಅಂಟಿಕೊಳ್ಳುವುದು? ಶಿವಮೊಗ್ಗ ಶಿಸ್ಟ್ ಪಟ್ಟಿ ಅನ್ನುವ ಪುರಾತನ ಶಿಲಾಸಾಲಿನ ಚರ್ಟ್, ಡೋಲೊಮೈಟ್ ಕಲ್ಲುಗಳಲ್ಲಿ 250 ಕೋಟಿ ವರ್ಷಕ್ಕೂ ಹಿಂದಿನ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳಿವೆ, ಸ್ಟ್ರೊಮ್ಯಾಟೊಲೈಟ್ ಅನ್ನುತ್ತಾರೆ. ಊರು ಗೊತ್ತಿಲ್ಲದಿದ್ದರೆ ಅಂಥದ್ದೂ ಬರೀ ಗೆರೆಗೆರೆಯ ಬೂದುಗಲ್ಲು.

ಚೀಟಿ ಮತ್ತು ರಿಜಿಸ್ಟರು ಎರಡೂ ಈ ಕಲ್ಲುಗಳನ್ನು ಕೂಡಿಸಿದ ನಮ್ಮ ಮೇಷ್ಟ್ರ ಕೈಬರಹ. ಕಲ್ಲು ಸಿಕ್ಕಿದಲ್ಲೇ ನಿಂತು ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಊರು, ತಾರೀಖು ಬರೆಯುತ್ತಿದ್ದರು. ಮಲೆನಾಡಿನ ಮಳೆಯಲ್ಲಿ ಇಂಕ್ ನಂಬಬಾರದು ಅನ್ನುತ್ತಿದ್ದರು. ಮನೆಗೆ ಬಂದು ಕಲ್ಲಿಗೆ ಬಿಳಿ ಪೇಂಟಿನ ಚುಕ್ಕೆ ಇಟ್ಟು, ಮೇಲೆ ನಂಬರ್ ಬರೆದು, ಮಗಳ ನೇಲ್ ಪಾಲಿಶ್ ಬಳಿದು, ಆಮೇಲೆ ರಿಜಿಸ್ಟರಿಗೆ ನೀಲಿ ಇಂಕಿನಲ್ಲಿ ದಾಖಲು. ಆ ರಾತ್ರಿ ನಂಬರ್ ಉಳಿಯಿತು. ಚೀಟಿಗಳ ಬರಹವೂ ಉಳಿಯಿತು, ಗ್ರಾಫೈಟ್ ತಾನೂ ಖನಿಜವೇ, ನೀರಿಗೆ ಜಗ್ಗುವುದಿಲ್ಲ. ಆದರೆ ಟ್ರೇ ಮಗುಚಿ ಚೀಟಿಗಳು ಕಲ್ಲು ಬಿಟ್ಟು ತೇಲಿ ಹೋಗಿದ್ದವು. ಯಾವ ಚೀಟಿ ಯಾವ ನಂಬರಿನದೆಂದು ಹೇಳಬೇಕಿದ್ದ ರಿಜಿಸ್ಟರು ಉಬ್ಬಿ, ನೀಲಿ ಸೋರುತ್ತ ಕೂತಿತ್ತು.

ತೆರೆಯಲು ಕೈ ಹಾಕಿದೆ. ಅಕ್ಕ ಕೈ ಮೇಲೆ ಪಟ್ಟನೆ ಹೊಡೆದರು. ಒದ್ದೆ ಹಾಳೆ ಎಳೆದರೆ ಹರಿಯುತ್ತದೆ, ಅಂಟಿದ್ದನ್ನು ಬಿಡಿಸುವ ಹೊತ್ತು ಬೇರೆಯೇ ಇದೆ ಎಂದರು. ರಿಜಿಸ್ಟರನ್ನು ಮೊರದಲ್ಲಿ ಓರೆಯಾಗಿಟ್ಟು ನೀರಿಳಿಯಲು ಬಿಟ್ಟರು. ಆಮೇಲೆ ಬ್ಲೇಡ್ ತಂದು ಬೆನ್ನಿನ ಹೊಲಿಗೆ ಒಂದೊಂದೇ ಕತ್ತರಿಸಿದರು. ನನ್ನ ಎದೆ ಧಸಕ್ಕೆಂದಿತು. ‘ಬಿಚ್ಚಿದ್ದನ್ನ ನಾನೇ ಹೊಲೀತೀನಿ, ಸುಮ್ನಿರು.’ ಫಾರಂ ಫಾರಂ ಬೇರೆ ಮಾಡಿ, ಪ್ರೆಸ್ಸಿನಿಂದ ತಂದಿಟ್ಟುಕೊಂಡಿದ್ದ ಅಚ್ಚಾಗದ ನ್ಯೂಸ್‌ಪ್ರಿಂಟನ್ನು ನಡುನಡುವೆ ಹಾಕಿ, ಅದು ನೆಂದಂತೆ ಬದಲಿಸುತ್ತ ಹೋದರು. ಹಳೆ ಪತ್ರಿಕೆ ಹಾಕಬಾರದಂತೆ, ಅದರ ಮಸಿ ಇದಕ್ಕೆ ಹತ್ತುತ್ತದೆ. ಕಾಗದ ಮುಗಿದ ಮೇಲೆ ತೀರಿಹೋದ ಯಜಮಾನರ ಪಂಚೆಗಳನ್ನು ಪೆಟ್ಟಿಗೆಯಿಂದ ತೆಗೆದರು. ಯಾರೋ ಫೋನಿನಲ್ಲಿ ತಮ್ಮ ಅಡಿಕೆ ಡ್ರೈಯರ್ ಕೊಡುತ್ತೇವೆಂದರು. ‘ಹಪ್ಪಳ ಆಗ್ತದೆ, ಬೇಡ’ ಎಂದು ಅಕ್ಕನೇ ಉತ್ತರಿಸಿದರು. ಎರಡು ದಿನ ಹಸಿಯಾಗೇ ಇದ್ದರೆ ಬೂಷ್ಟು ಹಿಡಿಯುತ್ತದೆ, ಅಷ್ಟರೊಳಗೆ ನೀರಾರಿಸಬೇಕು, ಆದರೆ ಬಿಸಿ ತಾಗಿಸದೆ. ಕರೆಂಟ್ ಇಲ್ಲ, ಫ್ಯಾನ್ ಇಲ್ಲ, ಹೊರಗೆ ಸುರಿಯುವ ಮಳೆ.

ಇಂಕು ಹರಡುತ್ತಿತ್ತು. ಓದಲು ಬರುವಾಗಲೇ ಓದಿಬಿಡಬೇಕೆಂದು ಅವರು ಹಾಳೆ ಬಿಡಿಸುತ್ತ ಗಟ್ಟಿಯಾಗಿ ಓದಿದರು, ನಾನು ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ. ಫೆಲ್ಡ್‌ಸ್ಪಾರ್ ಅನ್ನುವಲ್ಲಿ ತೊಡರಿದರೂ ಊರಿನ ಹೆಸರಲ್ಲಿ ಒಮ್ಮೆಯೂ ತಪ್ಪಲಿಲ್ಲ. ಮೇಷ್ಟ್ರು ಕಲ್ಲಿನ ವಿವರದ ಕೆಳಗೆ ಟೀ ಎಲ್ಲಿ ಚೆನ್ನಾಗಿತ್ತು, ಯಾರ ತೋಟದಲ್ಲಿ ಬೈಸಿಕೊಂಡೆವು, ಯಾವ ಕ್ವಾರಿಯ ಮಾಲೀಕರು ಒಳಗೆ ಬಿಟ್ಟರು, ಎಲ್ಲ ಬರೆದಿಟ್ಟಿದ್ದರು. ‘ಕಾಡಿನ ಗಡಿ. ಸುತ್ತಿಗೆ ಚೀಲದಲ್ಲೇ’ ಎಂದು ಪದೇ ಪದೇ ಬರುತ್ತಿತ್ತು. ಅಕ್ಕನಿಗೆ ನಗು. ‘ಇವರು ಕಲ್ಲು ಹುಡ್ಕಕೆ ಹೋಗ್ತಿದ್ರೋ, ಊರು ಸುತ್ತಕೋ?’

ಕೊನೆಯ ಹಾಳೆಯ ಕೊನೆಯ ದಾಖಲು ನಾನು ಮೊದಲು ನೋಡಿರಲಿಲ್ಲ. ಕೈ ನಡುಗಿದ ಅಕ್ಷರ. ‘ಆಸ್ಪತ್ರೆ ಅಂಗಳದ ಜಲ್ಲಿ. ನೈಸ್ ಶಿಲೆ. ಅಭ್ರಕ ಚೆನ್ನಾಗಿದೆ. ಟೀ ಕುಡಿಯಲು ಬಿಡುತ್ತಿಲ್ಲ.’

ಅಕ್ಕ ಓದಿ ನಿಲ್ಲಿಸಿದರು. ನಾನು ಬರೆಯಲಿಲ್ಲ. ಮೇಷ್ಟ್ರು ಹೋದಾಗ ಎಲ್ಲರಿಗೂ ಫೋನ್ ಮಾಡುವುದು, ಹೂವು ತರಿಸುವುದು, ಶಾಮಿಯಾನದವರ ಲೆಕ್ಕ ಎಂದು ಓಡಾಡಿಕೊಂಡಿದ್ದವನು ನಾನು. ಆ ದಿನ ಬಾರದ ಅಳು ಕೆಸರು ಮೆತ್ತಿದ ಅಂಗಿಯಲ್ಲಿ, ಬೇರೆಯವರ ಅಡುಗೆಮನೆಯಲ್ಲಿ ಕೂತಿದ್ದಾಗ ಬಂತು. ತಡೆಯಲಾಗಲಿಲ್ಲ. ಅಕ್ಕ ಸಮಾಧಾನ ಮಾಡಲಿಲ್ಲ. ಹಾಳೆಯನ್ನು ನನ್ನಿಂದ ಆಚೆ ಸರಿಸಿ, ‘ಅಳೋದಾದ್ರೆ ಜಗಲಿಗೆ ಹೋಗಿ ಅತ್ತು ಬಾ. ಇದಕ್ಕೆ ನೀರು ಸಾಕಾಗಿದೆ’ ಎಂದರು. ಹೋದೆ. ವಾಪಸು ಬಂದಾಗ ಅವರೇ ಆ ಸಾಲನ್ನು ದುಂಡಗಿನ ಪ್ರೆಸ್ಸಿನ ಅಕ್ಷರದಲ್ಲಿ ನನ್ನ ಪುಸ್ತಕದಲ್ಲಿ ಬರೆದಿದ್ದರು. ಕಾಫಿ ಕಾದಿತ್ತು. ಬೆಳಕು ಹರಿಯುವವರೆಗೆ ಹಾಳೆ ಬದಲಿಸಿದೆವು.

ಆಮೇಲಿನದೆಲ್ಲ ಸಲೀಸು. ರಿಜಿಸ್ಟರಿನ ತಾರೀಖು, ಚೀಟಿಯ ತಾರೀಖು ತಾಳೆ ಹಾಕುತ್ತ ಬಂದೆವು, ಬಹುಪಾಲು ಕಲ್ಲುಗಳಿಗೆ ಅವುಗಳ ಊರು ವಾಪಸು ಸಿಕ್ಕಿದೆ. ಪೂರಾ ಕರಗಿ ಹೋದದ್ದು ಸೈಂಧವ ಲವಣದ ಹರಳೊಂದೇ. ಅದು ಬಂದದ್ದೇ ದಿನಸಿ ಅಂಗಡಿಯಿಂದ, ದುಃಖವಿಲ್ಲ. ಪೈರೈಟ್ ತೇವಕ್ಕೆ ನಿಧಾನವಾಗಿ ಪುಡಿಯಾಗಿ, ಅದರಿಂದ ಹುಟ್ಟುವ ಗಂಧಕಾಮ್ಲ ಕೆಳಗಿನ ಚೀಟಿಯನ್ನೂ ತಿನ್ನುತ್ತದೆಂದು ಮೇಡಂ ಅವನ್ನು ಒಣಗಿಸಿ ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ ಸೇರಿಸಿದ್ದಾರೆ. ರಿಜಿಸ್ಟರನ್ನು ಅಕ್ಕ ಹೊಸದಾಗಿ ಹೊಲಿದು, ಕ್ಯಾಲಿಕೊ ಬಟ್ಟೆಯ ಬೆನ್ನು ಕಟ್ಟಿ ಕೊಟ್ಟಿದ್ದಾರೆ. ಜೆರಾಕ್ಸ್ ಪ್ರತಿಗಳು ಬೇರೆ ಬೇರೆ ಮನೆಗಳಲ್ಲಿವೆ. ಊರು ಸಿಗದ ಕಲ್ಲುಗಳು ಬಾಗಿಲ ಪಕ್ಕದ ಟ್ರೇಯಲ್ಲಿವೆ. ಮೇಷ್ಟ್ರ ಜೊತೆ ಹೋಗುತ್ತಿದ್ದವರು ಭಾನುವಾರ ಬಂದು ಒಮ್ಮೆ ಕಣ್ಣಾಡಿಸಿ. ಒಂದು ಹಸಿರು ಬಕೆಟ್, ಎರಡು ಹೆಡಿಗೆ ಕೂಡ ವಾರಸುದಾರರಿಲ್ಲದೆ ಅಲ್ಲೇ ಇವೆ.

ನೀಲಿಯಾದ ಪಂಚೆಗಳ ಬದಲು ಹೊಸದು ಕೊಡಲು ಹೋದರೆ ಅಕ್ಕ ಬೈದು ಕಳಿಸಿದರು. ಬಹಳ ಒತ್ತಾಯ ಮಾಡಿದ ಮೇಲೆ, ಮಾವಿನಮಿಡಿ ಉಪ್ಪಿನಕಾಯಿಗೆ ಬಳಪದ ಕಲ್ಲಿನ ಹಳೇ ಕಲ್ಮರಿಗೆ ಪಾತ್ರೆ ಒಂದು ಸಿಕ್ಕರೆ ಆದೀತು ಎಂದಿದ್ದಾರೆ. ಯಾರ ಮನೆಯ ಅಟ್ಟದಲ್ಲಾದರೂ ಸೀಳು ಬಿಡದ್ದು ಇದ್ದರೆ ತಿಳಿಸಿ, ಕ್ರಯ ಬಳಗದ್ದು. ಆದರೆ ಯಾವ ಊರಿನ ಕಲ್ಲು ಎಂದು ಚೀಟಿ ಬರೆದೇ ಕೊಡಬೇಕಂತೆ, ಅದೂ ಪೆನ್ಸಿಲ್ಲಿನಲ್ಲಿ. ಇಲ್ಲದಿದ್ದರೆ ಜಲ್ಲಿ ತನಗೆ ಬೇಡವಂತೆ.