ಇನ್ಮೇಲೆ ಬರೀ ಆಂಪಿಯರ್ ಹೇಳಿದ್ರೆ ಸಾಲಲ್ಲ, ಲೋಡ್ ಏನು ಅಂತಾನೂ ಹೇಳ್ಬೇಕು

ಗ್ರಾಹಕ ಮಿತ್ರರಿಗೆಲ್ಲಾ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿಂದ ನಮ್ಮ ಸಂಘದಲ್ಲಿ ರಿಲೇ, ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಕೊಟ್ರೆ ಇನ್ನೊಂದು ಲೈನನ್ನ ಆನ್ ಆಫ್ ಮಾಡೋ ಸ್ವಿಚ್‌ಗಳು) ಆರ್ಡರ್ ತಗೊಳೋ ರೀತಿ ಬದಲಾಗ್ತಿದೆ. ಇಷ್ಟು ದಿನ "25 ಆಂಪಿಯರ್‌ದು ನಾಲ್ಕು ಪೀಸ್ ಕಳ್ಸಿ" ಅಂತ ಮೆಸೇಜ್ ಹಾಕಿದ್ರೆ ಪ್ಯಾಕ್ ಮಾಡಿ ಕಳಿಸ್ತಿದ್ವಿ. ಇನ್ಮೇಲೆ ಅದರ ಜೊತೆ ಇನ್ನೂ ಮೂರು ವಿಷ್ಯ ಕೇಳ್ತೀವಿ: ಸಪ್ಲೈ ಎಸಿನೋ ಡಿಸಿನೋ ಮತ್ತೆ ಎಷ್ಟು ವೋಲ್ಟು, ಆ ಕಡೆ ಇರೋ ಲೋಡು, ಅಂದ್ರೆ ಕರೆಂಟ್ ತಗೊಳೋ ಉಪಕರಣ, ಹೀಟರೋ ಮೋಟ್ರೋ ಲ್ಯಾಂಪೋ ಸೊಲೆನಾಯ್ಡೋ (ಕರೆಂಟ್ ಕೊಟ್ರೆ ಎಳೆಯೋ ಕಾಯಿಲ್), ಗಂಟೆಗೆ ಸುಮಾರು ಎಷ್ಟು ಸಲ ಆನ್ ಆಫ್ ಆಗುತ್ತೆ. ಇದು ಗೊತ್ತಾಗೋವರೆಗೂ ಮಾಲು ಹೊರಡಲ್ಲ. ಕೆಲವರಿಗೆ ಕಿರಿಕಿರಿ ಅನ್ಸುತ್ತೆ, ನಮ್ಗೂ ಗೊತ್ತು, ಅದಕ್ಕೇ ಕಾರಣ ಪೂರ್ತಿ ಬಿಡಿಸಿ ಬರೀತಿದೀವಿ, ಸ್ವಲ್ಪ ಉದ್ದ ಆದ್ರೂ ಓದಿ.

"ಮಾಲು ಡೂಪ್ಲಿಕೇಟ್, ಆರು ತಿಂಗಳಿಗೇ ಹೋಯ್ತು" ಅಂತ ವಾಪಸ್ ಬರೋ ಪೀಸ್‌ಗಳನ್ನ ನಾವು ಬಿಚ್ಚಿ ನೋಡ್ತೀವಿ. ಸುಮಾರು ಕೇಸ್‌ನಲ್ಲಿ ಕಾಯಿಲ್ ಚೆನ್ನಾಗೇ ಇರುತ್ತೆ, ಸ್ಪ್ರಿಂಗ್ ಚೆನ್ನಾಗೇ ಇರುತ್ತೆ, ಆದ್ರೆ ಪಾಯಿಂಟ್ (ಒಂದಕ್ಕೊಂದು ತಾಗಿ ಕರೆಂಟ್ ಹರಿಸೋ ಲೋಹದ ತುಂಡು) ಮಾತ್ರ ವೆಲ್ಡ್ ಆಗಿ ಅಂಟ್ಕೊಂಡಿರುತ್ತೆ ಇಲ್ಲಾ ಒಂದು ಕಡೆ ಗುಂಡಿ ಬಿದ್ದು ಇನ್ನೊಂದು ಕಡೆ ಗುಬುಟು ಎದ್ದಿರುತ್ತೆ. ಅಂದ್ರೆ ಮಾಲು ಕೆಟ್ಟದ್ದಲ್ಲ, ಅದಕ್ಕೆ ಆಗ್ದೇ ಇರೋ ಕೆಲ್ಸ ಕೊಟ್ಟಿದ್ದಾರೆ. ಮೋಟ್ರು ನಿಲ್ಲಿಸ್ಬೇಕು ಅಂತ ಸ್ಟಾಪ್ ಬಟನ್ ಒತ್ತಿದಾಗ ಪಾಯಿಂಟ್ ಅಂಟ್ಕೊಂಡು ಮೋಟ್ರು ಓಡ್ತಾನೇ ಇದ್ರೆ ಪಕ್ಕದಲ್ಲಿ ನಿಂತಿರೋನ ಕೈ ಏನಾಗ್ಬೇಡ? ನಮ್ಗೆ ಅದೇ ದೊಡ್ಡ ಚಿಂತೆ.

ಕಾಂಟ್ಯಾಕ್ಟರ್ ಮೈ ಮೇಲೆ ಬರೆದಿರೋ ನಂಬರ್ ಅಂದ್ರೆ ಏನು ಅನ್ನೋದ್ರಿಂದ ಶುರು ಮಾಡೋಣ. ಎಷ್ಟೋ ಕಂಪನಿಗಳ 9 ಆಂಪಿಯರ್ ಕಾಂಟ್ಯಾಕ್ಟರ್ ತಗೊಂಡು ಸಣ್ಣ ಅಕ್ಷರ ಓದಿದ್ರೆ ಎಸಿ-1 ಅಂತ ಒಂದು ಲೈನ್‌ನಲ್ಲಿ 25 ಆಂಪಿಯರ್ ಅಂತಿರುತ್ತೆ, ಎಸಿ-3 ಅಂತ ಇನ್ನೊಂದು ಲೈನ್‌ನಲ್ಲಿ 9 ಅಂತಿರುತ್ತೆ. ಎರಡೂ ನಿಜಾನೇ. ಎಸಿ-1 ಅಂದ್ರೆ ಹೀಟರ್ ಥರದ ಲೋಡು, ಎಸಿ-3 ಅಂದ್ರೆ ಮಾಮೂಲಿ ಇಂಡಕ್ಷನ್ ಮೋಟ್ರನ್ನ ಸ್ಟಾರ್ಟ್ ಮಾಡಿ, ಅದು ಪೂರ್ತಿ ಸ್ಪೀಡ್‌ಗೆ ಬಂದ್ಮೇಲೆ ಆಫ್ ಮಾಡೋದು. ಇದು ಐಇಸಿ 60947 ಅನ್ನೋ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್‌ನಲ್ಲಿರೋ ವಿಂಗಡಣೆ. ಮೋಟ್ರು ನಿಂತ ಕಡೆಯಿಂದ ಏಳುವಾಗ ನೇಮ್‌ಪ್ಲೇಟ್ ಕರೆಂಟಿನ ಆರರಿಂದ ಎಂಟು ಪಟ್ಟು ಎಳೆಯುತ್ತೆ, ಪಾಯಿಂಟ್ ಮುಚ್ಕೊಳೋ ಕ್ಷಣದಲ್ಲಿ ಸಣ್ಣಗೆ ಕುಣಿಯುತ್ತೆ ಬೇರೆ, ಆ ಕುಣಿತದಲ್ಲೇ ಕಿಡಿ ಹುಟ್ಟಿ ಲೋಹ ಕರಗುತ್ತೆ, ಕರಗಿದ್ದು ಮುಚ್ಚಿದ ಮೇಲೆ ಗಟ್ಟಿ ಆದ್ರೆ ವೆಲ್ಡ್. ಇನ್ನು ಎಸಿ-4 ಅಂತ ಇದೆ, ಮೋಟ್ರನ್ನ ತಟ್ಟಿ ತಟ್ಟಿ ಇಂಚಿಂಚು ಓಡ್ಸೋದು, ಓಡ್ತಿರೋವಾಗ್ಲೇ ರಿವರ್ಸ್ ಮಾಡೋದು. ಇದ್ರಲ್ಲಿ ಸ್ಟಾರ್ಟಿಂಗ್ ಕರೆಂಟ್ ಇರುವಾಗ್ಲೇ ಕಟ್ ಮಾಡ್ಬೇಕು. ಎಸಿ-3ರಲ್ಲಿ ಆಫ್ ಮಾಡೋವಾಗ ಒಂದು ಪಟ್ಟು ಕರೆಂಟ್ ಇದ್ರೆ ಇಲ್ಲಿ ಆರು ಪಟ್ಟು. ಕ್ರೇನ್, ಹಾಯ್ಸ್ಟ್ ಇಟ್ಕೊಂಡಿರೋರು ಇದನ್ನ ದಯವಿಟ್ಟು ಗಮನಿಸಿ, ನಿಮ್ಮ ಆರ್ಡರ್‌ಗೆ ಒಂದೆರಡು ಸೈಜ್ ದೊಡ್ಡದು ಕಳಿಸ್ತೀವಿ ಅಂದ್ರೆ ಅದು ವ್ಯಾಪಾರಕ್ಕೆ ಹೇಳೋ ಮಾತಲ್ಲ.

ಎಸಿನೋ ಡಿಸಿನೋ ಅಂತ ಯಾಕೆ ಅಷ್ಟು ಒತ್ತಿ ಕೇಳ್ತೀವಿ ಅಂದ್ರೆ, ಸ್ವಿಚ್‌ನ ಅರ್ಧ ಪ್ರಾಣ ಇರೋದೇ ಅಲ್ಲಿ. ಪಾಯಿಂಟ್ ಬಿಟ್ಕೊಳುವಾಗ ಕೊನೇಲಿ ತಾಗ್ತಿರೋ ಜಾಗ ಸೂಜಿ ಮೊನೆಯಷ್ಟು ಆಗುತ್ತೆ, ಕರೆಂಟ್ ಎಲ್ಲಾ ಅಲ್ಲೇ ನುಗ್ಗಿ ಲೋಹ ಕರಗಿ ಆವಿಯಾಗಿ ಆರ್ಕ್, ಅಂದ್ರೆ ಗ್ಯಾಪ್‌ನಲ್ಲಿ ಉರಿಯುತ್ತಲೇ ಇರೋ ಕಿಡಿ, ಹತ್ಕೊಳುತ್ತೆ. ಬೆಳ್ಳಿ ಪಾಯಿಂಟ್‌ಗೆ ಸುಮಾರು 12 ವೋಲ್ಟು, ಅರ್ಧ ಆಂಪಿಯರ್ ಹತ್ರ ಇದ್ರೂ ಸಾಕು ಇದಕ್ಕೆ. ಎಸಿ ಆದ್ರೆ 50 ಹರ್ಟ್ಸ್‌ನಲ್ಲಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಆರ್ಕ್ ಆ ಸೊನ್ನೇಲಿ ಆರಿ ಹೋಗುತ್ತೆ, ಗ್ಯಾಪ್ ತಣ್ಣಗಾಗಿದ್ರೆ ಮತ್ತೆ ಹತ್ಕೊಳಲ್ಲ. ಡಿಸಿಗೆ ಆ ಸೊನ್ನೆಯೇ ಇಲ್ಲ. ಆರ್ಕನ್ನ ಎಳೆದು ಎಳೆದು ಅದಕ್ಕೆ ಬೇಕಾಗೋ ವೋಲ್ಟೇಜು ಸಪ್ಲೈಗಿಂತ ಜಾಸ್ತಿ ಆಗೋ ಹಾಗೆ ಮಾಡಿದ್ರೆ ಮಾತ್ರ ಆರುತ್ತೆ. ಅದಕ್ಕೇ ಮಾಮೂಲಿ ಕಂಟ್ರೋಲ್ ರಿಲೇ ಮೇಲೆ 250 ವೋಲ್ಟ್ ಎಸಿಗೆ 10 ಆಂಪಿಯರ್, 30 ವೋಲ್ಟ್ ಡಿಸಿಗೂ 10 ಆಂಪಿಯರ್ ಅಂತಿದ್ರೂ ಅದೇ ರಿಲೇ 110 ವೋಲ್ಟ್ ಡಿಸಿಗೆ ಅರ್ಧ ಆಂಪಿಯರ್ ಆಸುಪಾಸಿಗೇ ಸುಸ್ತಾಗುತ್ತೆ, ಡೇಟಾಶೀಟಿನ ಗ್ರಾಫ್ ನೋಡಿ, ಗೆರೆ ಧಪ್ಪಂತ ಕೆಳಗೆ ಬೀಳುತ್ತೆ.

ಸೋಲಾರ್, ಬ್ಯಾಟರಿ ಬ್ಯಾಂಕ್ ಕೆಲ್ಸ ಮಾಡೋರಿಗೆ ಇನ್ನೊಂದು ಮಾತು. ಡಿಸಿ ಕಾಂಟ್ಯಾಕ್ಟರ್ ಒಳಗೆ ಎಷ್ಟೋ ಸಲ ಪರ್ಮನೆಂಟ್ ಮ್ಯಾಗ್ನೆಟ್ ಇರುತ್ತೆ, ಅದು ಆರ್ಕನ್ನ ಪಕ್ಕಕ್ಕೆ ತಳ್ಳಿ ಉದ್ದ ಮಾಡುತ್ತೆ. ಯಾವ ಕಡೆಗೆ ತಳ್ಳುತ್ತೆ ಅನ್ನೋದು ಕರೆಂಟಿನ ದಿಕ್ಕಿನ ಮೇಲಿದೆ. ಪ್ಲಸ್ ಮೈನಸ್ ಗುರುತು ಇರೋ ಪೀಸನ್ನ ಉಲ್ಟಾ ಕಟ್ಟಿದ್ರೆ ಆನ್ ಆಗುತ್ತೆ, ಲೋಡೂ ಓಡುತ್ತೆ, ಎಲ್ಲಾ ಸರಿ ಇದೆ ಅನ್ಸುತ್ತೆ, ಆದ್ರೆ ಲೋಡ್ ಮೇಲೆ ಕಟ್ ಮಾಡಿದ ದಿನ ಆರ್ಕ್ ಹೋಗ್ಬಾರದ ಕಡೆ ನುಗ್ಗಿ ಒಳಗಿಂದ್ಲೇ ಸುಡುತ್ತೆ. ಬ್ಯಾಟರಿ ಚಾರ್ಜೂ ಡಿಸ್ಚಾರ್ಜೂ ಒಂದೇ ಕಾಂಟ್ಯಾಕ್ಟರ್ ಮೂಲಕ ಆಗೋದಾದ್ರೆ ಎರಡೂ ದಿಕ್ಕಿಗೆ ರೇಟ್ ಆಗಿರೋದೇ ಬೇಕು, ಆರ್ಡರ್‌ನಲ್ಲಿ ಅದನ್ನ ಬರೀರಿ.

ಏರ್‌ಪೋರ್ಟ್ ಗ್ರೌಂಡ್ ಪವರ್ ಯೂನಿಟ್ (ನಿಂತಿರೋ ವಿಮಾನಕ್ಕೆ ಕರೆಂಟ್ ಕೊಡೋ ಯಂತ್ರ), ಟೆಸ್ಟ್ ಬೆಂಚ್ ರಿಪೇರಿ ಮಾಡೋ ಗ್ರಾಹಕರೂ ನಮ್ಮಲ್ಲಿದ್ದಾರೆ, ಅವ್ರು ಕೇಳೋದು "ವಿಮಾನದ ರಿಲೇ ಅಷ್ಟು ಸಣ್ಣಕ್ಕಿದ್ರೂ ಅಷ್ಟು ಕರೆಂಟ್ ಹೇಗೆ ತಡೆಯುತ್ತೆ, ನಾವು ಅದೇ ಸೈಜಿನ ಮಾಮೂಲಿದು ಹಾಕಿದ್ರೆ ಆಗಲ್ವಾ" ಅಂತ. ಆಗಲ್ಲ. ವಿಮಾನದಲ್ಲಿ ಸಾಮಾನ್ಯವಾಗಿ 115 ವೋಲ್ಟ್ 400 ಹರ್ಟ್ಸ್ ಎಸಿ ಮತ್ತೆ 28 ವೋಲ್ಟ್ ಡಿಸಿ ಇರುತ್ತೆ. ಫ್ರೀಕ್ವೆನ್ಸಿ ಜಾಸ್ತಿ ಇರೋದ್ರಿಂದ ಟ್ರಾನ್ಸ್‌ಫಾರ್ಮರ್, ಮೋಟ್ರು ಸಣ್ಣದಾಗುತ್ತೆ, ತೂಕ ಉಳಿಯುತ್ತೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತೆ, 5,500 ಮೀಟರ್ ಹತ್ರ ಒತ್ತಡ ಅರ್ಧಕ್ಕೆ ಇಳಿದಿರುತ್ತೆ, ತೆಳು ಗಾಳೀಲಿ ಆರ್ಕ್ ತಣ್ಣಗಾಗೋದು ಕಷ್ಟ, ಅದಕ್ಕೇ ಅಲ್ಲಿನ ರಿಲೇಗಳನ್ನ ಗಾಳಿ ಆಡದ ಹಾಗೆ ಸೀಲ್ ಮಾಡಿ ಒಳಗೆ ಬೇರೆ ಗ್ಯಾಸ್ ತುಂಬಿರ್ತಾರೆ. ಪಾಯಿಂಟ್ ತಾಗದೇನೇ ಗ್ಯಾಪ್ ತಾನಾಗೇ ಒಡೆದು ಕಿಡಿ ಹಾರೋ ವೋಲ್ಟೇಜಿನ ಲೆಕ್ಕ ಪ್ಯಾಶೆನ್ ಅನ್ನೋ ವಿಜ್ಞಾನಿ 1889ರಲ್ಲೇ ಕೊಟ್ಟಿದ್ದಾನೆ, ಗಾಳೀಲಿ ಒತ್ತಡ ಎಷ್ಟೇ ಇರ್ಲಿ, ಗ್ಯಾಪ್ ಎಷ್ಟೇ ಇರ್ಲಿ, ಸುಮಾರು 327 ವೋಲ್ಟಿಗಿಂತ ಕೆಳಗೆ ಒಡೆಯಲ್ಲ. 28 ವೋಲ್ಟ್ ಅದಕ್ಕೆ ಎಷ್ಟೋ ಕೆಳಗೆ. ಆದ್ರೆ ಬೋಯಿಂಗ್ 787 ಥರದ ವಿಮಾನದಲ್ಲಿ ಪ್ಲಸ್ ಮೈನಸ್ 270 ವೋಲ್ಟ್ ಡಿಸಿ ಲೈನ್ ಇದೆ, ಎರಡರ ಮಧ್ಯೆ 540 ವೋಲ್ಟಾಯ್ತು, ಅಂದ್ರೆ ಆ ಗೆರೆ ದಾಟಿದೆ. ಈ ಒಂದು ಲೆಕ್ಕ ನಮ್ಗೆ ಯಾವಾಗ ನೋಡಿದ್ರೂ ಇಷ್ಟ ಆಗುತ್ತೆ. ಅಮೆರಿಕದ ಮಿಲ್-ಪಿಆರ್‌ಎಫ್-6106 ಸ್ಪೆಸಿಫಿಕೇಶನ್‌ನಲ್ಲಿ ಒಂದೇ ರಿಲೇಗೆ ರೆಸಿಸ್ಟಿವ್ (ಹೀಟರ್ ಥರ), ಇಂಡಕ್ಟಿವ್ (ಕಾಯಿಲ್ ಥರ), ಮೋಟರ್, ಲ್ಯಾಂಪ್ ಅಂತ ಬೇರೆ ಬೇರೆ ಆಂಪಿಯರ್ ಕೊಡ್ತಾರೆ, ನಾವೂ ಈಗ ಮಾಡ್ತಿರೋದು ಅದನ್ನೇ. ಅಂದ ಹಾಗೆ ವಿಮಾನದ ಒಳಗೆ ಕೂರೋ ಪಾರ್ಟ್ ನಾವು ಮಾರಲ್ಲ, ಅದಕ್ಕೆ ಬೇರೇನೇ ರಿಲೀಸ್ ಸರ್ಟಿಫಿಕೇಟ್ ಬೇಕು, ನೆಲದ ಮೇಲಿನ ಉಪಕರಣಕ್ಕೆ ಮಾತ್ರ ಕೊಡ್ತೀವಿ.

ಲ್ಯಾಂಪ್ ವಿಷ್ಯ ಚಿಕ್ಕದು. ತಂತಿ ಇರೋ ಹಳೇ ಬಲ್ಬು ತಣ್ಣಗಿರುವಾಗ ಹತ್ತು ಪಟ್ಟಿಗೂ ಜಾಸ್ತಿ ಕರೆಂಟ್ ಎಳೆಯುತ್ತೆ, ಎಲ್‌ಇಡಿ ಡ್ರೈವರ್‌ನಲ್ಲಿ ಕೆಪಾಸಿಟರ್ ಇರೋದ್ರಿಂದ ಕ್ಷಣಮಾತ್ರ ಅದಕ್ಕಿಂತ ಕೆಟ್ಟದಾಗೂ ಎಳೆಯಬಹುದು. ವ್ಯಾಟ್ ನೋಡಿ ಸಣ್ಣ ಲೋಡು ಅಂದ್ಕೋಬೇಡಿ.

ಸೊಲೆನಾಯ್ಡು, ಬ್ರೇಕ್ ಕಾಯಿಲ್ಲು, ವಾಲ್ವ್ ಕಾಯಿಲ್ಲು ಇವು ಉಲ್ಟಾ, ಆನ್ ಮಾಡೋವಾಗ ಸುಮ್ನಿರ್ತವೆ, ಆಫ್ ಮಾಡೋವಾಗ ಒದೀತವೆ. ಕಾಯಿಲ್‌ನಲ್ಲಿ ಕೂತಿರೋ ಶಕ್ತಿ ಎಲ್ಲಾದ್ರೂ ಹೋಗ್ಲೇಬೇಕಲ್ಲ, 24 ವೋಲ್ಟ್ ಕಾಯಿಲ್ಲೂ ಕಟ್ ಮಾಡಿದ ಕ್ಷಣ ನೂರಾರು ವೋಲ್ಟ್ ಎಬ್ಬಿಸಿ ಪಾಯಿಂಟ್ ಮೇಲೆ ಆರ್ಕ್ ಹಾಕುತ್ತೆ. ಡಿಸಿ ಕಾಯಿಲ್‌ಗೆ ಅಡ್ಡಲಾಗಿ ಉಲ್ಟಾ ಒಂದು ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡೋ ಪಾರ್ಟ್) ಹಾಕಿದ್ರೆ ಇದು ನಿಲ್ಲುತ್ತೆ, ಆದ್ರೆ ಕಾಯಿಲ್ ಬಿಡೋದು ನಿಧಾನ ಆಗುತ್ತೆ. ಬ್ರೇಕ್ ತಡವಾಗಿ ಹಿಡಿದ್ರೆ ಕಷ್ಟ ಅನ್ನೋ ಕಡೆ ಡಯೋಡ್ ಜೊತೆ ಸೀರೀಸ್‌ನಲ್ಲಿ ಝೀನರ್ (ಗೊತ್ತಾದ ವೋಲ್ಟೇಜಿಗೆ ಮಾತ್ರ ಉಲ್ಟಾ ದಾರಿ ಬಿಡೋ ಡಯೋಡ್) ಹಾಕಿ. ಎಸಿ ಕಾಯಿಲ್‌ಗೆ ಡಯೋಡ್ ಹಾಕಲೇಬೇಡಿ, ಅರ್ಧ ಸೈಕಲ್ ನೇರ ಶಾರ್ಟ್ ಆಗುತ್ತೆ, ಅದಕ್ಕೆ ಆರ್‌ಸಿ ಸ್ನಬ್ಬರ್ (ರೆಸಿಸ್ಟರ್, ಕೆಪಾಸಿಟರ್ ಸೇರಿಸಿದ್ದು) ಬೇಕು. ಇನ್ಮೇಲೆ ಡಿಸಿ ಸೊಲೆನಾಯ್ಡ್ ಅಂತ ಬರೆದ ಆರ್ಡರ್‌ಗೆಲ್ಲಾ ಹೊಂದೋ ಡಯೋಡನ್ನ ನಾವೇ ಡಬ್ಬಿ ಒಳಗೆ ಇಟ್ಟು ಕಳಿಸ್ತೀವಿ.

ಕಮ್ಮಿ ಕರೆಂಟಿನ ಕಡೆಯೂ ತೊಂದ್ರೆ ಇದೆ, ಇದನ್ನ ಜನ ನಂಬಲ್ಲ. ಪಿಎಲ್‌ಸಿ (ಯಂತ್ರ ನಡೆಸೋ ಸಣ್ಣ ಕಂಪ್ಯೂಟರ್) ಇನ್‌ಪುಟ್, ಸೆನ್ಸರ್ ಸಿಗ್ನಲ್ ಥರ ಕೆಲವು ಮಿಲಿ ಆಂಪಿಯರ್ ಓಡ್ಸೋಕೆ ದೊಡ್ಡ ಬೆಳ್ಳಿ ಪಾಯಿಂಟ್ ಹಾಕಿದ್ರೆ ಬೆಳ್ಳಿ ಮೇಲೆ ಕಪ್ಪು ಸಲ್ಫೈಡ್ ಪದರ ಕೂರುತ್ತೆ, ಅದನ್ನ ಸುಟ್ಟು ದಾರಿ ಮಾಡ್ಕೊಳೋಷ್ಟು ಕರೆಂಟ್ ಅಲ್ಲಿ ಇರಲ್ಲ, ಒಮ್ಮೆ ಸಿಗ್ನಲ್ ಬರುತ್ತೆ ಒಮ್ಮೆ ಬರಲ್ಲ. ಅಲ್ಲಿ ಚಿನ್ನದ ಲೇಪ ಇರೋದೇ ಬೇಕು. ಅದೇ ಪೀಸನ್ನ ಆಮೇಲೆ ಕಿತ್ತು ದೊಡ್ಡ ಲೋಡಿಗೆ ಹಾಕಿದ್ರೆ ಚಿನ್ನ ಸುಟ್ಟು ಹೋಗಿರುತ್ತೆ, ವಾಪಸ್ ಸಿಗ್ನಲ್‌ಗೆ ತರೋಕಾಗಲ್ಲ.

ಈಗಾಗ್ಲೇ ಕನ್ಫರ್ಮ್ ಆಗಿರೋ ಆರ್ಡರ್ ಹಳೇ ರೀತೀಲೇ ಬರುತ್ತೆ, ಅದ್ರಲ್ಲಿ ಡಿಸಿ ಲೋಡ್ ಇದ್ರೆ ಮಾತ್ರ ಹಾಕೋ ಮುಂಚೆ ಒಂದು ಫೋನ್ ಮಾಡಿ, ಸರಿ ಹೋಗಲ್ಲ ಅಂದ್ರೆ ಬದಲಾಯಿಸಿ ಕೊಡ್ತೀವಿ. ಹೊಸ ಆರ್ಡರ್‌ಗೆ ಲೆಕ್ಕಾಚಾರ ಎಲ್ಲಾ ನೀವು ಮಾಡ್ಬೇಕಾಗಿಲ್ಲ, ಮೋಟ್ರಿನ ನೇಮ್‌ಪ್ಲೇಟ್ ಫೋಟೋ ಒಂದು, ಹಳೇ ಕಾಂಟ್ಯಾಕ್ಟರ್ ಮೈ ಮೇಲಿನ ಸಣ್ಣ ಅಕ್ಷರದ ಫೋಟೋ ಒಂದು ಕಳ್ಸಿದ್ರೆ ಸಾಕು. ಕಾಯಿಲ್ ವೋಲ್ಟೇಜು ಬೇರೆ, ಪಾಯಿಂಟ್ ಕಡೆ ವೋಲ್ಟೇಜು ಬೇರೆ, ಎರಡನ್ನೂ ಬೇರೆ ಬೇರೆ ಬರೀರಿ, ಎಸಿ ಕಾಯಿಲ್‌ಗೆ ಅಷ್ಟೇ ವೋಲ್ಟಿನ ಡಿಸಿ ಕೊಟ್ರೆ ಸುಟ್ಟೇ ಹೋಗುತ್ತೆ.

ಕೆಟ್ಟ ಪೀಸ್ ವಾಪಸ್ ಕಳಿಸೋವಾಗ ಪಾಯಿಂಟನ್ನ ಎಮೆರಿ ಪೇಪರ್‌ನಲ್ಲಿ ಉಜ್ಜಿ ಕ್ಲೀನ್ ಮಾಡಿ ಕಳಿಸ್ಬೇಡಿ, ಇದ್ದ ಹಾಗೇ ಕಳ್ಸಿ. ಸುಟ್ಟ ಗುರುತು ನೋಡಿದ್ರೇ ಯಾವ ಲೋಡ್ ಸುಟ್ಟಿದೆ ಅಂತ ನಮ್ಗೆ ಗೊತ್ತಾಗೋದು.

ಇಂತಿ,
ನಿಮ್ಮ ಬಿಡಿಭಾಗಗಳ ಸಹಕಾರ ಸಂಘದ ಸ್ಟೋರ್ ಮತ್ತು ಸರ್ವಿಸ್ ವಿಭಾಗ